ಬೀರಪ್ಪನ ತುಣುಕು

ಸೆರಗಿನ ತುದಿಯ ಗಂಟು ಬೆಳಗಿನಿಂದ ಭಾರವಾಗುತ್ತಲೇ ಹೋಗಿತ್ತು. ತುಬಚಿಯಲ್ಲಿ ಬಸ್ಸು ಹತ್ತುವಾಗ ಅದು ಕಾಲು ರೊಟ್ಟಿಯಷ್ಟು ತೂಗುತ್ತಿತ್ತು, ಒಳಗೆ ಇದ್ದದ್ದೂ ಕಾಲು ರೊಟ್ಟಿಯೇ. ಜಮಖಂಡಿಯ ದಾರಿ ಅರ್ಧ ಸವೆಯುವ ಹೊತ್ತಿಗೆ ಬೀಸುವ ಕಲ್ಲಿನಷ್ಟಾಯಿತು. ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಬಿದ್ದು ಬಸ್ಸು ತೆವಳತೊಡಗಿದಾಗಲಂತೂ, ಇದು ಟ್ರ್ಯಾಕ್ಟರಿನ ತಪ್ಪಲ್ಲ, ತನ್ನ ಗಂಟಿನ ಭಾರಕ್ಕೇ ಎಂಜಿನ್ನು ಏದುಸಿರು ಬಿಡುತ್ತಿದೆ ಎಂದು ಸಿದ್ದಕ್ಕನಿಗೆ ಖಾತ್ರಿಯಾಯಿತು. ಕಂಡಕ್ಟರ್ ಅದಕ್ಕೆ ಬೇರೆ ಟಿಕೆಟ್ ಕೇಳದೆ ಹೋದದ್ದು ಅವನ ದೊಡ್ಡತನ. ಅವಳು ಗಂಟನ್ನು ಮುಷ್ಟಿಯಲ್ಲಿ ಹಿಡಿದು ತೊಡೆಯ ಸಂದಿಗೆ ಒತ್ತಿಕೊಂಡಳು. ಕಿಟಕಿಯ ಕಡೆ ಕೂತ ನಂದಾ, ಮೈದುನನ ಹೆಂಡತಿ, ತಾನು ಹೊರಗಿನ ಕಬ್ಬಿನ ಗದ್ದೆಯನ್ನಷ್ಟೇ ನೋಡುತ್ತಿರುವವಳಂತೆ ಕೂತಿದ್ದಳು; ಆದರೆ ನಂದಾಳ ಕಣ್ಣು ಕೊಕ್ಕರೆಯ ಕಣ್ಣು, ಎತ್ತಲೋ ನೋಡುತ್ತಾ ಮೀನು ಹಿಡಿಯುವಂಥದ್ದು.

"ಯಕ್ಕಾ, ಏನ್ ಹಿಡಕೊಂಡಿ ಅದು? ಬಂಗಾರ ಏನ?"

"ಚಿಲ್ಲರ ಐತಿ, ಬಸ್ಸಿಗೆ."

"ಹೆಣ್ಣಮಕ್ಕಳಿಗೆ ಟಿಕೀಟ ಇಲ್ಲದ ಬಸ್ಸಿನ್ಯಾಗ ಚಿಲ್ಲರ? ಡ್ರೈವರ ಸೈತ ಸ್ಟೇರಿಂಗ್ ಇಷ್ಟ ಬಿಗಿ ಹಿಡದಿಲ್ಲ ನೋಡ."

ಸಿದ್ದಕ್ಕ ನಕ್ಕಳು. ನಗುವುದರಲ್ಲಿ ಅವಳನ್ನು ಮೀರಿಸುವವರು ಕೃಷ್ಣೆಯ ಎರಡೂ ದಂಡೆಯಲ್ಲಿ ಇರಲಿಲ್ಲ. ತನ್ನ ಮೇಲೆ ಬಂದ ಮಾತಿಗೆ ಬೇರೆಯವರಿಗಿಂತ ಮೊದಲು ತಾನೇ ನಕ್ಕುಬಿಟ್ಟರೆ ಮಾತಿನ ಮೊನೆ ಅರ್ಧ ಮೊಂಡಾಗುತ್ತದೆ ಎಂಬುದನ್ನು ಅವಳು ಮದುವೆಯಾದ ಹೊಸತರಲ್ಲೇ ಕಲಿತಿದ್ದಳು. ಬಳೆಗಾರ ಬಂದಿದ್ದ, ಹೊಸ ಸೊಸೆಗೆ ಹಸಿರು ಬಳೆ ಇಡಿಸಲು, ಯಾವ ಬಳೆ ಹಾಕಿದರೂ ಸರ್ರನೆ ಮೊಣಕೈ ದಾಟಿ ತೋಳಿಗೆ ಹೋಗಿ ನಿಲ್ಲುತ್ತಿತ್ತು, ಕೊನೆಗೆ ಅವನು ಕೂಸುಗಳ ಬಳೆಯ ಸರ ತೆಗೆದ, ಆಗ ಅತ್ತೆ ಆ ಮಾತು ಅಂದಳು, "ಉಣ್ಣೂದರಾಗ ಏನ್ ಕಡಿಮಿ ಇಲ್ಲಪಾ, ತಿಂದದ್ದು ಮೈಗೆ ಹತ್ತಂಗಿಲ್ಲ ಆಕೀಗೆ." ಮಾತು ಅಂದು ಅಂಗಳ ದಾಟಿತು, ಸಂಜೆಗೆ ಓಣಿ ದಾಟಿತು, ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಅಂಟಿಕೊಂಡು ಅಲ್ಲಿಂದ ಗಾಡಿ ಗಾಡಿಯಾಗಿ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರೆಗೆ ಹೋಯಿತು ಎಂದರೂ ತಪ್ಪಲ್ಲ. ಗಲಗಲಿಯ ಮದುವೆಯೊಂದರಲ್ಲಿ ಎರಡನೆಯ ಹೋಳಿಗೆಗೆ ಅವಳು ಸುಮ್ಮನೆ ತಲೆ ಎತ್ತಿದಳಷ್ಟೇ, ಪಂಕ್ತಿಯ ಆ ತುದಿಯಿಂದ ಯಾವಳೋ ಮುದುಕಿ ಕೂಗಿದ್ದಳು, "ನೀಡ್ರವ್ವಾ ನೀಡ್ರಿ, ಅದೆಲ್ಲಿ ಹೋಗಿ ಬೀಳತೈತೋ ಆ ಬೀರಪ್ಪಗ ಗೊತ್ತು!" ಪಂಕ್ತಿ ನಕ್ಕಿತು. ಸಿದ್ದಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ಹೋಳಿಗೆಯ ಹೂರಣ ಗಂಟಲಲ್ಲಿ ಇವತ್ತಿಗೂ ಪೂರ್ತಿ ಇಳಿದಿಲ್ಲ. ಉಂಡ ಮನೆಯ ಅನ್ನವನ್ನೇ ಅವಮಾನ ಮಾಡುತ್ತಿರುವ ಮೈ ಇದು ಎಂದು ಅವಳಿಗೇ ಒಮ್ಮೊಮ್ಮೆ ತನ್ನ ಮೈಯ ಮೇಲೆ ಸಿಟ್ಟು ಬರುತ್ತಿತ್ತು. ಪಕ್ಕದಲ್ಲಿ ನಂದಾ, ಒಗ್ಗರಣೆಯ ವಾಸನೆ ಕುಡಿದೇ ದುಂಡಗಾಗುವವಳು, ಕಡೆದ ಬೆಣ್ಣೆಯಂತೆ ಕೂತಿರುತ್ತಿದ್ದಳು.

ಹಾಗಿರುವಾಗ, ಊಟದ ಸತ್ವದ ಸಂಶೋಧನೆ ಮಾಡುವ ಕುಮುದಿನಿ ಬಾಯಾರು ತುಬಚಿಗೆ ಬಂದದ್ದು. ಬೀರಪ್ಪನ ಗುಡಿಯ ಮುಂದಿನ ಬೇವಿನ ಗಿಡದ ಬುಡದಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿ, ಕನ್ನಡಕ ಮೇಲೇರಿಸುತ್ತಾ, ಜಮಖಂಡಿಯ ಬ್ರಾಹ್ಮಣರ ಓಣಿಯ ಮೆತ್ತನೆಯ ಮಾತಿನಲ್ಲಿ ಅವರು ಹೇಳಿದರು: "ಊಟದಾಗ ಕಬ್ಬಿಣ ಇರತದ, ಸತುವು ಇರತದ, ಕಣ್ಣಿಗೆ ಕಾಣದಷ್ಟು. ಆದರ ತಿಂದದ್ದೆಲ್ಲಾ ಮೈಗೆ ಹತ್ತತದ ಅಂತ ಇಲ್ಲ ನೋಡ್ರಿ. ಎಷ್ಟು ಹತ್ತತದ ಅನ್ನೂದನ್ನ ನಾವು ಬೆಂಗಳೂರಿನ ಮಿಶನ್ನಿನ್ಯಾಗ ಅಳೀತೀವಿ." ಸಿದ್ದಕ್ಕನ ಕಿವಿ ಎದ್ದು ನಿಂತವು. ಇಷ್ಟು ವರ್ಷ ತನ್ನ ಕೊರಳಿಗೆ ಜೋತುಬಿದ್ದ ಮಾತನ್ನು ತೂಕಕ್ಕೆ ಹಾಕುವ ಯಂತ್ರವೊಂದು ಲೋಕದಲ್ಲಿದೆ! ಅದು ಗೊತ್ತಿದ್ದರೆ ಅವಳು ತವರಿನಿಂದ ಬರುವಾಗಲೇ ಗಾಡಿಯಲ್ಲಿ ಹಾಕಿಕೊಂಡು ಬರುತ್ತಿದ್ದಳು. ಪರೀಕ್ಷೆಗೆ ಹೆಸರು ಕೊಡಲು ಮೊದಲು ಎದ್ದು ನಿಂತವಳು ಅವಳೇ. ಅಂದಿನಿಂದ ಊರಲ್ಲಿ ಒಂದೇ ಮಾತು: ಬಾವಿಯ ಹತ್ತಿರ, ಗಿರಣಿಯ ಹತ್ತಿರ, ಹೊಳೆಯ ದಂಡೆಯಲ್ಲಿ, "ನಿಂದರ್ರಿ, ಬೆಂಗಳೂರಿನ ಮಿಶನ್ನು ಹೇಳತೈತಿ ನನ್ನ ಮೈ ಎಂಥಾದ್ದಂತ. ಕಲ್ಲ ಹಾಕಿದರ ಕರಗಸಿ ರಕ್ತ ಮಾಡೂ ಮೈ ಇದು!" ಅಷ್ಟು ದೊಡ್ಡ ಮಾತು ಆಡಿ ಆಗಿತ್ತು. ನಂದಾ ಕೂಡ ಹೆಸರು ಕೊಟ್ಟಳು, ನೋಡಿಯೇಬಿಡೋಣ ಅಂತ. ಒಟ್ಟು ಹನ್ನೆರಡು ಜನ, ಎಲ್ಲರೂ ಬೀರಪ್ಪನಿಗೆ ನಡೆದುಕೊಳ್ಳುವ ಹಾಲುಮತದ ಮನೆಗಳವರೇ.

ಬಸ್ಸು ಟ್ರ್ಯಾಕ್ಟರನ್ನು ಹಿಂದೆ ಹಾಕಿತು. ಗಂಟು ಒಮ್ಮೆ ಕರಕ್ ಎಂದಿತು, ಒಳಗಿನ ತುಣುಕಿನ ಅಂಚು ಮುರಿದಿರಬೇಕು, ಅವಳ ಎದೆಯೂ ಅಷ್ಟೇ ಮುರಿಯಿತು. ಎರಡು ವಾರದ ಹಿಂದೆ ಇದೇ ದಾರಿಯಲ್ಲಿ ಅವಳು ಪಟ್ಟಾಭಿಷೇಕಕ್ಕೆ ಹೋಗುವ ರಾಣಿಯಂತೆ ಹೋಗಿದ್ದಳು. ಜಮಖಂಡಿಯ ಹಳೆಯ ಬಂಗಲೆಯ ಉದ್ದನೆಯ ಹಾಲ್, ಹಗಲಲ್ಲೂ ಉರಿಯುವ ಟ್ಯೂಬ್‌ಲೈಟು, ಸಾಲಾಗಿ ಸ್ಟೀಲಿನ ತಾಟು, ಪ್ರತಿ ತಾಟಿನಲ್ಲಿ ಎಳ್ಳು ಹಚ್ಚಿದ ಒಂದೊಂದು ಸಜ್ಜೆ ರೊಟ್ಟಿ, ತೊಟ್ಟಿಲಷ್ಟು ಅಗಲದ್ದು, ಪಕ್ಕದಲ್ಲಿ ಕಾಳಿನ ಪಲ್ಯ. "ಈ ರೊಟ್ಟಿ ಹಿಟ್ಟಿನ್ಯಾಗ ಒಂದು ಕಬ್ಬಿಣ ಕೂಡಿಸೇವಿ," ಬಾಯಾರು ಅಂದಿದ್ದರು, "ನೀವು ನಿಮ್ಮ ಕುರಿಗೆ ಬಣ್ಣ ಹಚ್ಚಿ ಬಿಡತೀರಲ್ಲ, ಹಂಗ ಇದು ಗುರುತಿನ ಕಬ್ಬಿಣ. ತೂಕ ಕೂದಲೆಳಿಯಷ್ಟು ಬ್ಯಾರೆ, ಅಪಾಯ ಏನೂ ಇಲ್ಲ. ಎರಡು ವಾರ ಬಿಟ್ಟು ರಕ್ತ ತಗದು ನೋಡಿದರ, ಗುರುತಿನ ಕುರಿ ಎಷ್ಟು ಹಟ್ಟಿ ಸೇರಿದವು, ಎಷ್ಟು ದಾರಿಯಾಗ ತಪ್ಪಿಸಿಕೊಂಡವು, ಗೊತ್ತಾಗತದ." ಎಂಥ ಚಂದದ ಮಾತು! ಸಿದ್ದಕ್ಕನಿಗೆ ತನ್ನ ರಕ್ತದಲ್ಲಿ ಕೆಂಪು ಬಣ್ಣ ಹಚ್ಚಿದ ಕುರಿಗಳು ಗಂಟೆ ಕಟ್ಟಿಕೊಂಡು ನಡೆಯುವುದು ಅಲ್ಲೇ ಕೇಳಿಸಿತು. ಕೈ ತೊಳೆದಳು, ರೊಟ್ಟಿ ಮುರಿದಳು. ಆಮೇಲೆ ನಡೆದದ್ದನ್ನು ಅವಳು ಮಾಡಲಿಲ್ಲ, ಅವಳ ಕೈ ಮಾಡಿತು. ಮುರಿದ ಮೊದಲ ಪಾಲನ್ನು ಕಣ್ಣಿಗೆ ಒತ್ತಿಕೊಂಡಿತು. ಮನೆಯಲ್ಲಾಗಿದ್ದರೆ ದೇವರ ಜಗಲಿಯ ಮೇಲೆ ಇಡುತ್ತಿತ್ತು, ಇಲ್ಲಿ ಜಗಲಿ ಇಲ್ಲ ಎಂದು ತಿಳಿದು ಸೆರಗಿನ ತುದಿಗೆ ಕಟ್ಟಿತು. ಬೀರಪ್ಪನಿಗೆ ಕೊಡುವುದರಲ್ಲಿ ಸಿದ್ದಕ್ಕನ ಮನೆಯವರು ಜಿಪುಣರಲ್ಲ, ಕಾಲು ರೊಟ್ಟಿಗೆ ಕಡಿಮೆ ಇಲ್ಲ. ಉಳಿದದ್ದನ್ನು ಅವಳು ಚೂರು ಬಿಡದೆ ತಿಂದಳು, ಬೆರಳು ನೆಕ್ಕಿದಳು, ಹೇಳಿದಂತೆ ತಾಟಿಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿದಳು. ತಾಟು ಎಷ್ಟು ಬೆಳಗಿತೆಂದರೆ ಟ್ಯೂಬ್‌ಲೈಟಿಗೆ ನಾಚಿಕೆಯಾಯಿತು.

ಊಟ ಮುಗಿದ ಮೇಲೆ ಕುಮುದಿನಿ ಬಾಯಾರು ಸಾಲಿನುದ್ದಕ್ಕೂ ನಡೆಯುತ್ತಾ ಅಂದರು, "ಛಲೋ ಆತು. ಯಾರದೂ ಒಂದ ಚೂರೂ ಉಳದಿಲ್ಲ. ಚೂರು ಹೊರಗ ಹೋದರ ಅಷ್ಟೂ ಮೈ ತಗೊಂಡಿಲ್ಲ ಅಂತನ ಲೆಕ್ಕ ಬರತದ, ಅದಕ್ಕ ಹೇಳಿದ್ದು." ಗಂಟು ಕೆಂಡವಾಯಿತು. ಆಗಲೇ ಹೇಳಬಹುದಿತ್ತು. ಬಾಯಿ ತೆರೆದಿದ್ದಳು ಕೂಡ. "ಬಾಯಾರ..." ಎಂದಳು, ಅಷ್ಟರಲ್ಲಿ ನಂದಾ ನಡುವೆ ಬಂದಳು: "ನಮ್ಮಕ್ಕಂದ ಚಿಂತಿ ಮಾಡಬ್ಯಾಡ್ರೀ, ಬಿಟ್ಟರ ತಾಟೂ ತಿಂತಾಳ. ಹತ್ತೂದೊಂದ ಇಲ್ಲ!" ಇಡೀ ಹಾಲ್ ನಕ್ಕಿತು, ಕುಮುದಿನಿ ಬಾಯಾರು ನಕ್ಕರು, ಸಿದ್ದಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು, ಮಾತು ಆ ನಗೆಯ ಕೆಳಗೆ ಸಿಕ್ಕು ಅಪ್ಪಚ್ಚಿಯಾಯಿತು.

ಮನೆಗೆ ಬಂದು ತುಣುಕನ್ನು ಬೀರಪ್ಪನ ಮುಂದೆ ಇಟ್ಟು ಅರಿಸಿನದ ಭಂಡಾರ ಹಾಕಿದಳು. ಸಂಜೆ ಅದು ಟಗರಿಗೆ ಹೋಗಬೇಕು, ಅದು ಮನೆಯ ಪದ್ಧತಿ. ಟಗರು ಬಂತು. ಗಂಡ ಮಾಳಿಂಗರಾಯನ ಆ ಟಗರು ಸಾಮಾನ್ಯದ್ದಲ್ಲ, ಅದು ಹಾಯ್ದರೆ ತುಬಚಿಯ ನೀರೆತ್ತುವ ಪಂಪುಗಳು ತಾವೇ ಹಿಂದೆ ಸರಿಯುತ್ತವೆ; ಅಂಥದ್ದು ತನ್ನ ಪಾಲಿಗೆ ಹಕ್ಕಿನಿಂದ ಬಾಯಿ ಹಾಕಿತು, ಸಿದ್ದಕ್ಕ ಅದರ ತುಟಿಯಿಂದ ತುಣುಕನ್ನು ಎಳೆದುಕೊಂಡಳು. ಯಾಕೆ ಅಂತ ಅವಳಿಗೇ ಸ್ಪಷ್ಟವಿರಲಿಲ್ಲ. ಅದು ಒಂದು ಸಲ ಟಗರಿನ ಹೊಟ್ಟೆ ಸೇರಿದರೆ ತನ್ನ ಗುರುತಿನ ಕುರಿಗಳು ಇನ್ನು ಯಾವತ್ತೂ ಎಣಿಕೆಗೆ ಸಿಗುವುದಿಲ್ಲ ಎಂದಷ್ಟೇ ತೋಚಿತು. "ಅದರ ಬಾಯಾಂದು ಯಾಕ ಕಸಗೊಂಡಿ ಬೇ?" ಎಂದು ಗಂಡ ಕೇಳಿದ. "ಬಲಿತೈತಿ ರೊಟ್ಟಿ, ಹಲ್ಲ ಮುರದೀತು," ಎಂದಳು. ಗಂಡ ನಂಬಿದ, ಟಗರು ನಂಬಲಿಲ್ಲ. ಅಂದಿನಿಂದ ಅದು ಅವಳನ್ನು ನೋಡುವ ನೋಟ ಪಂಚಾಯತಿಯಲ್ಲಿ ನ್ಯಾಯ ಹೇಳುವವರ ನೋಟದಂತಿತ್ತು. ತುಣುಕು ಭಂಡಾರದ ಡಬ್ಬಿಯಲ್ಲಿ ಅಡಗಿತು. ಖಡಕ್ ರೊಟ್ಟಿಗೆ ಎರಡು ವಾರ ಯಾವ ಲೆಕ್ಕ! ಆದರೆ ಸಿದ್ದಕ್ಕ ಕೆಟ್ಟಿದ್ದಳು. ದೇವರ ಪಾಲು ಕದ್ದವಳು ಒಂದು ಕಡೆ, ಬಾಯಾರಿಗೆ ಸುಳ್ಳು ತಾಟು ತೋರಿಸಿದವಳು ಇನ್ನೊಂದು ಕಡೆ. ಹೇಳಿದರೆ ತನ್ನನ್ನು ಪರೀಕ್ಷೆಯಿಂದ ತೆಗೆದುಹಾಕುತ್ತಾರೆ, ತನ್ನ ಮೈ ಎಂಥದ್ದೆಂದು ಯಾರಿಗೂ ಎಂದೂ ಗೊತ್ತಾಗುವುದಿಲ್ಲ. ಹೇಳದಿದ್ದರೆ ಬೆಂಗಳೂರಿನ ಯಂತ್ರ ಸ್ವತಃ ಅತ್ತೆಯ ಮಾತನ್ನೇ ಆಡುತ್ತದೆ, ಹತ್ತಂಗಿಲ್ಲ ಆಕೀಗೆ. ಯಂತ್ರದ ಎದುರು ಯಾರು ಜೋರಾಗಿ ನಗುತ್ತಾರೆ?

ಹಾಲಿನಲ್ಲಿ ಅದೇ ಟ್ಯೂಬ್‌ಲೈಟು. ತಾಟುಗಳ ಜಾಗದಲ್ಲಿ ಇವತ್ತು ಸೂಜಿ, ಹತ್ತಿ, ಪುಟ್ಟ ಗಾಜಿನ ನಳಿಕೆ. ಅನುರಾಧಾ, ಬೀಳಗಿಯ ಕಡೆಯ ಕುರುಬರ ಹುಡುಗಿ, ಓದಿ ಇಲ್ಲಿ ಕೆಲಸಕ್ಕೆ ಸೇರಿದವಳು, ಅಂದು ಊಟದ ಮೇಲೆ ಕಣ್ಣಿಟ್ಟಿದ್ದವಳೂ ಅವಳೇ, ಒಬ್ಬೊಬ್ಬರ ತೋಳಿಗೂ ಪಟ್ಟಿ ಬಿಗಿಯುತ್ತಿದ್ದಳು. ಸಿದ್ದಕ್ಕನ ತೋಳು ಹಿಡಿದು, "ನರ ಎಷ್ಟ ಚಂದ ಕಾಣತಾವ್ರಿ ನಿಮ್ಮು," ಅಂದಳು. ಅವಳು ಹೊಗಳಿದ್ದೇ ಇರಬಹುದು. ಸಿದ್ದಕ್ಕನಿಗೆ ಮಾಂಸವಿಲ್ಲದ ತೋಳು ಮಾತ್ರ ಕಂಡಿತು, ಬಳೆಗಾರನ ಸರ ಕಂಡಿತು. ಎಡಗೈ ಚಾಚಿದಳು, ಬಲಗೈಯಲ್ಲಿ ಗಂಟು. ರಕ್ತ ನಳಿಕೆಗೆ ಏರಿತು, ಕಪ್ಪುಗೆಂಪಾಗಿ, ಕುರಿಗಳು ಹಟ್ಟಿಗೆ ಸಾಲಿಟ್ಟು ಬರುವಂತೆ. ಅಷ್ಟು ಹೊತ್ತಿಗೆ ಆಚೆ ಮೇಜಿನ ಹತ್ತಿರ ಕುಮುದಿನಿ ಬಾಯಾರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು, ದನಿಯಲ್ಲಿ ಆಯಾಸ: "ಗಲಗಲಿಯವರದು ಬಂತು. ಭಾಳ ಕಡಿಮಿ ಅದ. ಇವರದೂ ಹಂಗ ಬಂದರ ಏನ್ ಮಾಡೂದು? ಈ ನಾಲ್ಕು ತಾಲೂಕಿನ ಹೆಣ್ಣಮಕ್ಕಳ ಮೈಗೆ ಸಜ್ಜಿ ರೊಟ್ಟಿ ಕಬ್ಬಿಣ ಹತ್ತೂದಿಲ್ಲ ಅಂತನ ಬರಿಯೂದು."

ಸಿದ್ದಕ್ಕನ ಕಣ್ಣ ಮುಂದೆ ಜಮಖಂಡಿಯ ಹೆಂಗಸರೆಲ್ಲ ಎದ್ದು ನಿಂತರು. ಮುಧೋಳದವರು, ಬೀಳಗಿಯವರು, ಬನಹಟ್ಟಿಯ ಮಗ್ಗದ ಮನೆಯವರು, ಕಂಕುಳಲ್ಲಿ ಕೂಸು ಇರುವವರು, ತಲೆಯ ಮೇಲೆ ಹುಲ್ಲಿನ ಹೊರೆ ಇರುವವರು, ಲಕ್ಷ ಲಕ್ಷ ಜನ, ಎಲ್ಲರ ಮೊಣಕೈ ದಾಟಿ ಬಳೆಗಳು ಸರ್ರನೆ ಏರುತ್ತಿದ್ದವು. ಅಷ್ಟೂ ಜನ ಪಂಕ್ತಿಯಲ್ಲಿ ಕೂತು ಎರಡನೆಯ ಹೋಳಿಗೆಗೆ ತಲೆ ಎತ್ತಲು ಅಂಜುತ್ತಿದ್ದರು. ಒಬ್ಬಳ ಮೇಲಿದ್ದ ಮಾತು ಛಾಪಿಸಿಕೊಂಡು ನಾಡಿಗೆಲ್ಲ ಹಂಚಲು ಹೊರಟಿತ್ತು, ಅದೂ ಅವಳ ಸೆರಗಿನ ಗಂಟಿನಿಂದಾಗಿ. ಸೂಜಿ ಇನ್ನೂ ತೋಳಿನಲ್ಲಿತ್ತು.

"ಬಾಯಾರ!" ಎಂದಳು. ಆ ಕೂಗಿಗೆ ಬಂಗಲೆಯ ಹೆಂಚು ಹಾರಿ ಮರಳಿ ತಮ್ಮ ಜಾಗದಲ್ಲಿ ಕೂತವು. "ಹಂಗ ಬರೀಬ್ಯಾಡ್ರಿ. ತಪ್ಪು ನಂದೈತಿ. ನಾ ರೊಟ್ಟಿ ಪೂರಾ ತಿಂದಿಲ್ಲ."

ಕುಮುದಿನಿ ಬಾಯಾರು ಫೋನು ಇಳಿಸಿದರು. ಸಿದ್ದಕ್ಕ ಹಲ್ಲಿನಿಂದ ಗಂಟು ಬಿಚ್ಚಿ ಮೇಜಿನ ಮೇಲೆ ಇಟ್ಟಳು: ಹಳದಿ ಭಂಡಾರ ಮೆತ್ತಿದ ಕಾಲು ರೊಟ್ಟಿ, ಒಂದು ಅಂಚು ಮುರಿದದ್ದು. "ಬೀರಪ್ಪಂದು ಅಂತ ತಗದೇನ್ರಿ. ಕೈ ತಗೀತು. ನನ್ನ ಹೆಸರ ಹೊಡದಹಾಕ್ರಿ, ಉಳದವರು ಪೂರಾ ತಿಂದಾರ, ಅವರಿಗೆ ಹತ್ತಂಗಿಲ್ಲ ಅನ್ನಬ್ಯಾಡ್ರಿ." ನಂದಾ ಈಗ ಏನು ಅನ್ನುತ್ತಾಳೆ ಎಂದು ಅವಳ ಬೆನ್ನು ಕಾಯುತ್ತಿತ್ತು. ನಗಲು ಬಾಯಿ ಸಿದ್ಧವಾಗಿತ್ತು. ನಂದಾ ನೆಲ ನೋಡುತ್ತಿದ್ದಳು. ಅವಳ ಪಕ್ಕದವಳೂ. ಅವಳ ಆಚೆಯವಳು ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತಿದ್ದಳು, ಅದು ಸರಿಯಾಗಿಯೇ ಇತ್ತು.

"ಅನುರಾಧಾ," ಕುಮುದಿನಿ ಬಾಯಾರ ದನಿ ಸಣ್ಣಗಾಯಿತು, "ನೀ ಇಲ್ಲೇ ನಿಂತಿದ್ದೆಲ್ಲ. ನೋಡಲಿಲ್ಲೇನು?"

"ನೋಡೇನ್ರಿ ಮೇಡಂ," ಅನುರಾಧಾ ನಿರಾಳವಾಗಿ ಅಂದಳು. "ಎಲ್ಲಾರೂ ತಗದ್ರು."

"ಎಲ್ಲಾರೂ?"

"ಹೌದ್ರಿ. ದೇವರದ್ದು ತಗದ್ರು, ಆಮ್ಯಾಲೆ ಎಲ್ಲಾ ತಿಂದ್ರು. ಯಾರೂ ಏನೂ ಬಿಡಲಿಲ್ರಿ."

"ಅದು ಬಿಟ್ಟಂಗ ಅಲ್ಲೇನು ಹುಡುಗಿ?"

"ಅದ್ಹೆಂಗ ಬಿಟ್ಟಂಗಾಗತೈತ್ರಿ? ಅದು ಅವರದಲ್ಲ, ದೇವರದ್ದು." ಅನುರಾಧಾಳಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. "ಗಲಗಲಿಯವರೂ ಹಂಗ ಮಾಡಿದ್ರಲ್ಲರಿ."

ಆಮೇಲೆ ಒಬ್ಬೊಬ್ಬರೇ ಬಾಯಿ ಬಿಚ್ಚಿದರು. ಒಬ್ಬಳದು ಓಣಿಯ ನಾಯಿಗೆ ಹೋಗಿತ್ತು, ಇನ್ನೊಬ್ಬಳು ಹೊಳೆಯ ಮೀನಿಗೆ ಹಾಕಿದ್ದಳು. "ನಂದು ಬಸ್‌ಸ್ಟ್ಯಾಂಡಿನ್ಯಾಗ ಒಂದ ಆಕಳಕ್ಕ ಹಾಕಿದೆ," ಎಂದಳು ನಂದಾ ನೆಲಕ್ಕೆ, "ಹದಿನೈದ ದಿನ ಆತು ಯಕ್ಕಾ, ನಂಗ ನಿದ್ದಿ ಹತ್ತಿಲ್ಲ." ಸಿದ್ದಕ್ಕ ನಂದಾಳನ್ನು ನೋಡಿದಳು. ಒಂದೇ ಗೋಡೆಯ ಆಚೆ ಈಚೆ ಇಬ್ಬರೂ ಎರಡು ವಾರ ಒಂದೇ ರೊಟ್ಟಿಯ ತುಣುಕಿಗೆ ಹೊರಳಾಡಿದ್ದರು!

ಕುಮುದಿನಿ ಬಾಯಾರು ಕುರ್ಚಿಯಲ್ಲಿ ಕೂತರು. ಅವರ ಭುಜ ನಡುಗಿತು, ಅಳುತ್ತಾರೆ ಎಂದು ಎಲ್ಲರೂ ಹೆದರಿದರು, ಅವರು ನಗುತ್ತಿದ್ದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು. "ಅಯ್ಯೋ ದೇವರೇ, ಹಂಗಾದರ ಬಸ್‌ಸ್ಟ್ಯಾಂಡಿನ ಆಕಳದ ರಕ್ತಾನೂ ತಗೀಬೇಕಲ್ಲ ನಾವು! ನಮ್ಮನಿಯಾಗ ನಮ್ಮವರು ದಿನಾ ಊಟಕ್ಕ ಕೂತ ಕೂಡಲೆ ತಾಟಿನ ಬಾಜೂಕ ದೇವರದಂತ ಅನ್ನದ ಅಗಳು ಇಡತಾರ. ದಿನಾ ನಾನ ಒರಸತೀನಿ. ಇಷ್ಟು ವರ್ಷ ಒರಸೇನಿ, ನನ್ನ ತಲಿಗೆ ಹೊಳೀಲಿಲ್ಲ ನೋಡ್ರಿ." ಆ ಹೊತ್ತಿಗೆ ಅವರ ಮುಖದಲ್ಲಿ ಸಣ್ಣದೊಂದು ನಾಚಿಕೆ ಹಾಯ್ದು ಹೋದದ್ದನ್ನು ಸಿದ್ದಕ್ಕ ಕಂಡಳು, ಅದು ಅವಳಿಗೆ ಪರಿಚಯದ ನಾಚಿಕೆ, ಬಾಯಾರೂ ಎಲ್ಲರಿಗಿಂತ ಜೋರಾಗಿ ನಗುವವರೇ.

ಅಂದಿನ ತೀರ್ಪು ಹೀಗಾಯಿತು. ತುಬಚಿಯವರೂ ಗಲಗಲಿಯವರೂ ಮತ್ತೆ ಬಂದು ಉಣ್ಣಬೇಕು, ಇನ್ನು ಮುಂದೆ ಮೊದಲು ದೇವರಿಗೊಂದು ಸಾದಾ ರೊಟ್ಟಿ, ಆಮೇಲೆ ಗುರುತಿನ ರೊಟ್ಟಿ. ಸಿದ್ದಕ್ಕನೊಬ್ಬಳ ರಕ್ತದ ಲೆಕ್ಕ ಮಾತ್ರ ಉಳಿಯಿತು, ಬಿಟ್ಟದ್ದೆಷ್ಟೆಂದು ತೂಗಲು ಅವಳ ತುಣುಕು ಕೈಯಲ್ಲೇ ಇತ್ತಲ್ಲ. ಅನುರಾಧಾ ಮೆತ್ತನೆಯ ಬ್ರಶ್ಶಿನಿಂದ ಭಂಡಾರ ಉದುರಿಸಿ, ಗಂಟಿನಲ್ಲಿ ಉಳಿದ ಪುಡಿಯನ್ನೂ ಕೂಡಿಸಿ, ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿಟ್ಟಳು. ಬೀರಪ್ಪನ ಪಾಲನ್ನು ಅಷ್ಟು ಸಣ್ಣಗೆ ತೂಗಿದ್ದು ಭೂಮಿಯ ಮೇಲೆ ಅದೇ ಮೊದಲಿರಬೇಕು. ತೂಕ ಮುಗಿದದ್ದೇ ಸಿದ್ದಕ್ಕ ಕೈ ಚಾಚಿದಳು.

"ಆತಲ್ಲರಿ? ಕೊಡ್ರಿ ಮತ್ತ. ಒಬ್ಬರು ಮನಿಯಾಗ ಸಿಟ್ಟ ಮಾಡಿ ಕುಂತಾರ."

ಸಂಜೆ ಟಗರು ಅದನ್ನು ಎರಡೇ ಕಡಿತಕ್ಕೆ ತಿಂದು, ಅವಳ ತೋಳಿಗೆ ಕೊಂಬು ಒರೆಸಿ, ಕೇಸು ಖುಲಾಸೆ ಮಾಡಿತು.

ಜೋಳ ಹಾಲುಗಟ್ಟಿ, ಹೊಲದ ಬದುವಿನಲ್ಲಿ ಸೀತನಿಯ ಎಳೆ ತೆನೆ ಸುಡುವ ಕಾಲಕ್ಕೆ ಕುಮುದಿನಿ ಬಾಯಾರು ತುಬಚಿಗೆ ಬಂದರು. ಗಲಗಲಿ, ತುಬಚಿ, ಎಲ್ಲರ ಲೆಕ್ಕವೂ ಹೊಸದಾಗಿ ಬಂದಿತ್ತು. ಹತ್ತುವುದಿಲ್ಲ ಎಂದು ಬರೆಯುವ ಮಾತು ಅಲ್ಲಿಗೇ ಬಿತ್ತು. ಸಿದ್ದಕ್ಕನ ಅಂಗಳದಲ್ಲಿ, ಕಂಬಳಿಯ ಮೇಲೆ ಕೂತು, ಅತ್ತೆಯ ಎದುರಿಗೆ, ಮಾಳಿಂಗರಾಯನ ಎದುರಿಗೆ, ನಂದಾಳ ಎದುರಿಗೆ ಅವರು ಹೇಳಿದರು: "ಎಲ್ಲಾರಕಿಂತ ಹೆಚ್ಚು ಹತ್ತಿದ್ದು ಇವರಿಗೆ. ಬಿಟ್ಟ ತುಣುಕಿನ ತೂಕ ಕಳದು ನೋಡೇವಿ. ಉಳದವರಿಗಿಂತ ಸುಮಾರು ಎರಡು ಪಟ್ಟು."

ಸಿದ್ದಕ್ಕ ಹಾಕಿದ ಕೇಕೆ ಮಹಾಲಿಂಗಪುರಕ್ಕೆ ಕೇಳಿಸಿ ಬೆಲ್ಲದ ಹರಾಜಿನ ಸವಾಲು ಅರೆಗಳಿಗೆ ನಿಂತಿತು ಎನ್ನುತ್ತಾರೆ. "ಕೇಳಿದಿರಿ ಅತ್ತೀ? ಮಿಶನ್ ಹೇಳೈತಿ, ಮಿಶನ್!" ಅತ್ತೆ ಎಲೆ ಅಡಿಕೆ ಮೆಲ್ಲುತ್ತಾ ಬಾಯಾರ ಕಡೆ ತಿರುಗಿದಳು. "ಅಷ್ಟ ಹತ್ತತಿದ್ದರ ಹಿಂಗ ಕಡ್ಡಿಯಂಗ ಯಾಕದಾಳ್ರಿ?"

ಬಾಯಾರು ಕನ್ನಡಕ ಮೇಲೇರಿಸಿದರು. "ಮೈಯಾಗ ಕಬ್ಬಿಣ ಸಾಕಷ್ಟು ಇದ್ದವರು ಹೊಸದನ್ನ ಕಡಿಮಿ ತಗೋತಾರ್ರಿ. ನಂದಾಂದು ಹಂಗ ಅದ, ಆಕಿ ಮೈ ಸಾಕು ಅಂತದ. ಇಲ್ಲದವರ ಮೈ ಸಿಕ್ಕಿದ್ದನ್ನೆಲ್ಲಾ ಅವಚಿ ಹಿಡೀತದ. ಇವರದು ತಳ ಕಂಡದ. ಗುಳಿಗಿ ಕೊಡತೀನಿ. ಸಿದ್ದಕ್ಕ, ನೀವು ಊಟಕ್ಕ ಯಾವಾಗ ಕೂಡತೀರಿ?"

"ಎಲ್ಲಾರದೂ ಆದ ಮ್ಯಾಲರಿ."

"ಪಲ್ಯ ಇರತದೇನು ಆವಾಗ?"

ಸಿದ್ದಕ್ಕ ನಗಲು ಬಾಯಿ ತೆರೆದಳು. ಈ ಸಲ ನಗೆ ಬರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ, ಯಾರೂ ನಗುತ್ತಿರಲಿಲ್ಲ. ಮಾಳಿಂಗರಾಯ ಟಗರಿನ ಕೊರಳಿನ ಹುರಿಯನ್ನು ಬಿಚ್ಚಿ ಮತ್ತೆ ಕಟ್ಟಿದ. ಅತ್ತೆಯ ಬಾಯಲ್ಲಿ ಎಲೆ ಅಡಿಕೆ ನಿಂತುಹೋಗಿತ್ತು. ಸಿದ್ದಕ್ಕ ತನ್ನ ತೋಳು ನೋಡಿಕೊಂಡಳು. ಕದ್ದು ತಿಂದವರ ತೋಳನ್ನು ನೋಡುವಂತೆ ಇಷ್ಟು ವರ್ಷ ಅದನ್ನು ನೋಡಿದ್ದಳು. ಪಾಪ, ಸಿಕ್ಕ ಒಂದೊಂದು ಕುರಿಯನ್ನೂ ಬಿಡದೆ ಹಟ್ಟಿಗೆ ಸೇರಿಸಿದ ತೋಳು ಇದು. ಅವಳಿಗೆ ಅದರ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ, ಒಳಗೆ ಹೋಗಿ ಮೆಲ್ಲಗೆ ಅದನ್ನು ಸವರಿಕೊಂಡಳು, ಹೊಸದಾಗಿ ಹುಟ್ಟಿದ ಮರಿಯನ್ನು ಸವರುವಂತೆ.

ದೀಪ ಹಚ್ಚುವ ಹೊತ್ತಿಗೆ ಒಲೆ ಉರಿಯಿತು. ಸಿದ್ದಕ್ಕ ರೊಟ್ಟಿ ಬಡಿದಳು, ಹೆಂಚಿನ ಮೇಲೆ ಹಾಕಿದಳು, ಉಬ್ಬಿದ ಮೊದಲ ರೊಟ್ಟಿಯನ್ನು ತೆಗೆದು ಮುರಿದಳು. ಕಾಲು ಪಾಲನ್ನು ಕಣ್ಣಿಗೊತ್ತಿ ಜಗಲಿಯ ಮೇಲಿಟ್ಟಳು. "ನಿಂದು ಆತು ಯಪ್ಪಾ," ಎಂದಳು. ಆಮೇಲೆ ತಾಟು ತಂದು, ಉಳಿದ ಮುಕ್ಕಾಲು ರೊಟ್ಟಿಗೆ ಮೆಂತ್ಯದ ಪಲ್ಯ ಹಾಕಿಕೊಂಡು, ಒಲೆಯ ಪಕ್ಕದಲ್ಲಿ ಕಾಲು ಮಡಿಚಿ ಕೂತಳು. ಕೈ ತೊಳೆದು ಬಂದ ಮಾಳಿಂಗರಾಯ ಬಾಗಿಲಲ್ಲಿ ಹಾಗೇ ನಿಂತ.

"ಲೇ, ನಮಗ?"

"ಹಿಟ್ಟ ನಾದಿ ಇಟ್ಟೇನಿ. ಹೆಂಚ ಕಾದೈತಿ," ಎಂದಳು ಸಿದ್ದಕ್ಕ, ಬಾಯಿ ತುಂಬಿಕೊಂಡು.

ಮಾಳಿಂಗರಾಯ ತಾಯಿಯ ಮುಖ ನೋಡಿದ. ಮುದುಕಿ ಗೋಡೆ ಹಿಡಿದು ಎದ್ದು, ಸೀರೆ ಸಿಕ್ಕಿಸಿ, ಸೊಸೆಯನ್ನು ದಾಟಿ ಹೋಗಿ ಒಲೆಯ ಮುಂದೆ ಕುಕ್ಕರಿಸಿದಳು. ಎಷ್ಟೋ ವರ್ಷದಿಂದ ಹಿಟ್ಟು ಮುಟ್ಟದ ಕೈ. ಮೊದಲ ಬಡಿತ ತಪ್ಪಿತು, ಎರಡನೆಯದು ಕೂತಿತು, ಮೂರನೆಯದಕ್ಕೆ ಲಯ ಸಿಕ್ಕಿ ಪಟ ಪಟ ಪಟ ಎಂದು ಮನೆ ತುಂಬಿತು.

"ಉಣ್ಣ," ಎಂದಳು ಅತ್ತೆ ಹಿಂತಿರುಗದೆ. "ಅಂಥಾ ಮೈ ಐತಂತ. ಹಾಕೇ ನೋಡೂಣು."

ಸಿದ್ದಕ್ಕ ತಾಟು ಮುಂದಕ್ಕೆ ಸರಿಸಿ, ಎರಡನೆಯ ರೊಟ್ಟಿಗೆ ತಲೆ ಎತ್ತಿದಳು.